ತೂಕ ಇಳಿಕೆ: ಸಣ್ಣ ಗುರಿಯೇ ಸರಿಯಾದ ಗುರಿ

ನಂದಿದುರ್ಗ ಎಂದೊಡನೆ ಹೆಚ್ಚಿನವರಿಗೆ ಮಂಜು ಮುಸುಕಿದ ನಂದಿಬೆಟ್ಟ ನೆನಪಾಗುತ್ತದೆ. ಆದರೆ ಕೋಲಾರದ ಚಿನ್ನದ ನಾಡಿನಲ್ಲಿ ಅದು ಒಂದು ಗಣಿಯ ಹೆಸರು. ಚಾಂಪಿಯನ್ ರೀಫ್ ಮತ್ತು ಮೈಸೂರು ಗಣಿಗಳ ಜೊತೆಗೆ ನಂದಿದುರ್ಗವೂ ತಲೆಮಾರುಗಳ ಕಾಲ ಸಾವಿರಾರು ಕುಟುಂಬಗಳನ್ನು ಪೊರೆಯಿತು. 2001ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಮುಚ್ಚಿದ ಮೇಲೆ ಆ ಕುಟುಂಬಗಳ ಅನೇಕ ಮಕ್ಕಳು ಹೊಟ್ಟೆಪಾಡಿಗಾಗಿ ಬೆಂಗಳೂರಿನ ರೈಲು ಹತ್ತಿದರು.

ಅಂಥ ಒಂದು ಬೆಳಗಿನ ರೈಲಿನಲ್ಲಿ ನನ್ನ ಎದುರು ಕುಳಿತಿದ್ದ, ನಲವತ್ತರ ಆಸುಪಾಸಿನ ಪ್ರಯಾಣಿಕರೊಬ್ಬರು ಮಾತಿಗೆ ಸಿಕ್ಕರು. ‘ನಮ್ಮಪ್ಪ ನಂದಿದುರ್ಗ ಶಾಫ್ಟ್‌ನಲ್ಲಿ ಇಳೀತಿದ್ರು ಸಾರ್. ಅವರಿಗೆ ಹೊಟ್ಟೆ ಅನ್ನೋದೇ ಇರಲಿಲ್ಲ. ನನಗೆ ಈಗಲೇ ಶುಗರ್ ಮಾತ್ರೆ’ ಎಂದರು. ಮನೆಯಿಂದ ಕಚೇರಿಗೆ, ಕಚೇರಿಯಿಂದ ಮನೆಗೆ ದಿನಕ್ಕೆ ಐದು ತಾಸಿನ ಪ್ರಯಾಣ; ನಡುವೆ ಎಂಟು ತಾಸು ಕುರ್ಚಿ. ಅವರ ತೂಕ 88 ಕಿಲೊ. 25 ಕಿಲೊ ಇಳಿಸಬೇಕೆಂದು ಯಾರೋ ಹೇಳಿದ್ದರಂತೆ. ಎರಡು ತಿಂಗಳು ರಾತ್ರಿಯ ಊಟ ಬಿಟ್ಟು ಎಂಟು ಕಿಲೊ ಇಳಿಸಿದರು. ಮುಂದಿನ ಆರು ತಿಂಗಳಲ್ಲಿ ಅಷ್ಟೂ ಮರಳಿ ಬಂತು. ‘ಇನ್ನು ನನ್ನ ಕೈಯಲ್ಲಿ ಆಗಲ್ಲ’ ಎಂಬುದು ಅವರ ತೀರ್ಮಾನ.

ಆಡಳಿತದಲ್ಲಿ ಮೂರು ದಶಕ ಕಳೆದ ನನಗೆ ಗುರಿಗಳ ಸ್ವಭಾವ ಸ್ವಲ್ಪಮಟ್ಟಿಗೆ ಗೊತ್ತು. ಸಾಧಿಸಲಾಗದ ಗುರಿಯು ಸುಳ್ಳು ವರದಿಯಲ್ಲಿ ಅಥವಾ ಹತಾಶೆಯಲ್ಲಿ ಕೊನೆಗೊಳ್ಳುತ್ತದೆ. ಆ ಪ್ರಯಾಣಿಕರು ಸೋತದ್ದು ಸೋಮಾರಿತನದಿಂದಲ್ಲ. ಅವರಿಗೆ ಕೊಟ್ಟ ಅಂಕಿಯೇ ತಪ್ಪಾಗಿತ್ತು.

ವೈದ್ಯವಿಜ್ಞಾನ ಈ ವಿಷಯದಲ್ಲಿ ಬಹಳ ಹಿಂದೆಯೇ ಉದಾರವಾಗಿದೆ. ಮಧುಮೇಹದ ಅಂಚಿನಲ್ಲಿದ್ದ ಮೂರು ಸಾವಿರಕ್ಕೂ ಹೆಚ್ಚು ಜನರ ಮೇಲೆ ಅಮೆರಿಕದಲ್ಲಿ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನವು ಇಟ್ಟುಕೊಂಡ ಗುರಿ ದೇಹತೂಕದ ಶೇ 7ರಷ್ಟು ಇಳಿಕೆ ಮತ್ತು ವಾರಕ್ಕೆ 150 ನಿಮಿಷಗಳ ವ್ಯಾಯಾಮ ಮಾತ್ರ. ಇಷ್ಟರಿಂದಲೇ ಮಧುಮೇಹಕ್ಕೆ ಗುರಿಯಾಗುವ ಸಂಭವ ಶೇ 58ರಷ್ಟು ತಗ್ಗಿತು. ಮೆಟ್‌ಫಾರ್ಮಿನ್ ಮಾತ್ರೆಯಿಂದ ತಗ್ಗಿದ್ದು ಶೇ 31. ರಕ್ತದೊತ್ತಡದ ಲೆಕ್ಕವೂ ಹೀಗೆಯೇ: ಒಂದು ಕಿಲೊ ತೂಕ ಇಳಿದರೆ ಮೇಲಿನ ಅಂಕಿ ಸರಾಸರಿ ಒಂದು ಮಿಲಿಮೀಟರಿನಷ್ಟು ಇಳಿಯುತ್ತದೆ. ಸ್ಥೂಲಕಾಯದ ವೃದ್ಧರಲ್ಲಿ ಒಂದು ಕಿಲೊ ಕಡಿಮೆಯಾದರೆ ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲಿನ ಹೊರೆ ನಾಲ್ಕು ಕಿಲೊದಷ್ಟು ಹಗುರವಾಗುತ್ತದೆಂದು ತೋರಿಸಿಕೊಟ್ಟವರಿದ್ದಾರೆ.

ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಇಲ್ಲಿ ಪರಿಚಿತವಾದ ತತ್ವವೊಂದು ಕಾಣುತ್ತದೆ. ಹಸಿದವನಿಗೆ ಮೊದಲ ಮುದ್ದೆ ಕೊಡುವಷ್ಟು ತೃಪ್ತಿಯನ್ನು ಮೂರನೆಯದು ಕೊಡದು. 2016ರಲ್ಲಿ ಅಮೆರಿಕದ ಸೇಂಟ್ ಲೂಯಿಯ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಪ್ರಕಟಿಸಿದ ಅಧ್ಯಯನದ ಫಲಿತಾಂಶ ಇದಕ್ಕೆ ಹತ್ತಿರವಾಗಿದೆ. ಶೇ 5ರಷ್ಟು ತೂಕ ಇಳಿದಾಗಲೇ ಯಕೃತ್ತು ಮತ್ತು ಕೊಬ್ಬಿನ ಅಂಗಾಂಶಗಳು ಇನ್ಸುಲಿನ್‌ಗೆ ಚೆನ್ನಾಗಿ ಸ್ಪಂದಿಸತೊಡಗಿದವು. ತೂಕ ಇನ್ನಷ್ಟು ಇಳಿದಾಗ ಸ್ನಾಯುಗಳ ಸ್ಪಂದನ ಸುಧಾರಿಸುತ್ತಾ ಹೋಯಿತಾದರೂ ಯಕೃತ್ತಿಗೆ ಸಲ್ಲಬೇಕಾದ ಲಾಭದ ಬಹುಪಾಲು ಮೊದಲ ಕಂತಿನಲ್ಲೇ ಸಂದಾಯವಾಗಿತ್ತು. ರೈಲಿನ ಆ ಗೆಳೆಯರಿಗೆ ಶೇ 5 ಎಂದರೆ ನಾಲ್ಕೂವರೆ ಕಿಲೊ.

ನಮ್ಮವರ ಮಟ್ಟಿಗೆ ಇನ್ನೊಂದು ಮಾತು ಮುಖ್ಯ. ಚೆನ್ನೈನಲ್ಲಿ ಡಾ. ಎ. ರಾಮಚಂದ್ರನ್ ಅವರ ತಂಡ 531 ಜನರ ಮೇಲೆ ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆಹಾರಕ್ರಮ ಮತ್ತು ನಡಿಗೆಯಿಂದ ಮಧುಮೇಹದ ಅಪಾಯ ಶೇ 28ಕ್ಕೂ ಹೆಚ್ಚು ಕಡಿಮೆಯಾಯಿತು. ಅದೂ ತೂಕದಲ್ಲಿ ಹೇಳಿಕೊಳ್ಳುವಂಥ ಇಳಿಕೆ ಇಲ್ಲದೆಯೇ. ಭಾರತೀಯರ ಕೊಬ್ಬು ಹೊಟ್ಟೆಯ ಸುತ್ತ ಶೇಖರವಾಗುವುದು ಹೆಚ್ಚು. ಆದ್ದರಿಂದಲೇ ಸೊಂಟದ ಸುತ್ತಳತೆಯ ಮಿತಿಯನ್ನು ನಮ್ಮ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಎಂದು ಇಡಲಾಗಿದೆ. ತಕ್ಕಡಿಯ ಮುಳ್ಳು ಕದಲಲಿಲ್ಲವೆಂದು ನಡಿಗೆ ಬಿಡುವುದು ನಷ್ಟದ ವ್ಯಾಪಾರ.

ನಾನು ಗಣಿ ಕಾರ್ಮಿಕನ ಬದುಕನ್ನು ಆದರ್ಶವೆಂದು ಕೊಂಡಾಡುತ್ತಿಲ್ಲ. ಬಂಡೆಯ ಕಾವು ಮತ್ತು ಶ್ವಾಸಕೋಶವನ್ನು ತಿಂದ ಕಲ್ಲಿನ ದೂಳು ಅವರ ಆಯುಷ್ಯವನ್ನು ಕಸಿದವು. ಆದರೆ ಆ ದುಡಿಮೆಗೆ ತಕ್ಕುದಾಗಿದ್ದ ತಟ್ಟೆ ದುಡಿಮೆ ಹೋದ ಮೇಲೂ ಹಾಗೆಯೇ ಉಳಿಯಿತು. ರಾಗಿಯ ಜಾಗಕ್ಕೆ ಪಾಲಿಶ್ ಅಕ್ಕಿ ಬಂತು, ರೈಲಿನಲ್ಲಿ ವಡೆ ಮತ್ತು ಸಿಹಿ ಚಹಾ ಸೇರಿಕೊಂಡವು. ದಿನಕ್ಕೆ ನಾಲ್ಕು ಲೋಟ ಚಹಾದಲ್ಲಿ ಎರಡೆರಡು ಚಮಚ ಸಕ್ಕರೆ ಬಿಟ್ಟರೇ ಸುಮಾರು 150 ಕ್ಯಾಲೊರಿ ಉಳಿಯುತ್ತದೆ. ಎರಡನೆಯ ಸಲ ಬಡಿಸಿಕೊಳ್ಳುವ ಅನ್ನವನ್ನು ಅರ್ಧ ಮಾಡಿ ಸೊಪ್ಪು, ಕಾಳು ಹೆಚ್ಚಿಸಿದರೆ ಹಸಿವೂ ಕಾಡದು. ಇದಕ್ಕೆ ಉಪವಾಸ ಬೇಡ, ದುಬಾರಿ ಪುಡಿಗಳೂ ಬೇಡ.

ಇದಕ್ಕೆ ಆಕ್ಷೇಪಗಳಿಲ್ಲದಿಲ್ಲ. ಸಣ್ಣ ಇಳಿಕೆ ಎಲ್ಲ ರೋಗಗಳಿಗೂ ರಾಮಬಾಣವಲ್ಲ. ಈಗಾಗಲೇ ಮಧುಮೇಹವಿದ್ದವರ ಮೇಲೆ ಅಮೆರಿಕದಲ್ಲಿ ಸುಮಾರು ಹತ್ತು ವರ್ಷ ನಡೆದು 2013ರಲ್ಲಿ ವರದಿಯಾದ ಪ್ರಯೋಗದಲ್ಲಿ ಸಕ್ಕರೆ, ರಕ್ತದೊತ್ತಡ ಸುಧಾರಿಸಿದರೂ ಹೃದಯಾಘಾತಗಳು ಗಣನೀಯವಾಗಿ ಕಡಿಮೆಯಾಗಲಿಲ್ಲ. ಅತಿಸ್ಥೂಲಕಾಯದವರಿಗೆ ಹೆಚ್ಚಿನ ಇಳಿಕೆಯೂ ಕೆಲವೊಮ್ಮೆ ಔಷಧವೂ ಬೇಕು. 2025ರಲ್ಲಿ ನಮ್ಮ ಮಾರುಕಟ್ಟೆಗೆ ಬಂದ ತೂಕ ಇಳಿಸುವ ಚುಚ್ಚುಮದ್ದುಗಳ ಉಪಯೋಗ ಅಲ್ಲಗಳೆಯುವಂಥದ್ದಲ್ಲ. ಆದರೆ ಅವನ್ನು ನಿಲ್ಲಿಸಿದಾಗ ತೂಕದ ಹೆಚ್ಚಿನ ಪಾಲು ಮರಳುತ್ತದೆ. ಪ್ರಯತ್ನಿಸದೆಯೇ ತೂಕ ಇಳಿಯುತ್ತಿದ್ದರೆ ಅದು ಸಂತೋಷದ ಸುದ್ದಿಯಲ್ಲ, ವೈದ್ಯರನ್ನು ಕಾಣಬೇಕಾದ ಸೂಚನೆ. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಊಟ ಬದಲಿಸುವ ಮುನ್ನ ವೈದ್ಯರನ್ನು ಕೇಳುವುದು ಲೇಸು.

ಇದು ವ್ಯಕ್ತಿಯೊಬ್ಬನ ಸಂಕಲ್ಪಕ್ಕೆ ಮಾತ್ರ ಬಿಟ್ಟ ವಿಚಾರವೂ ಅಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2023ರ ಅಧ್ಯಯನದ ಪ್ರಕಾರ ದೇಶದಲ್ಲಿ ಮಧುಮೇಹಿಗಳು 10 ಕೋಟಿ ದಾಟಿದ್ದಾರೆ. ಅದರ ಅಂಚಿನಲ್ಲಿರುವವರು 13 ಕೋಟಿಗೂ ಹೆಚ್ಚು. ಈ ಎರಡನೆಯ ಗುಂಪೇ ಸಣ್ಣ ಇಳಿಕೆಯಿಂದ ಅತಿಹೆಚ್ಚು ಲಾಭ ಪಡೆಯಬಲ್ಲದು. ಮನೆಬಾಗಿಲಿಗೇ ಬಂದು ರಕ್ತದೊತ್ತಡ, ಸಕ್ಕರೆ ಪರೀಕ್ಷಿಸುವ ರಾಜ್ಯದ ‘ಗೃಹ ಆರೋಗ್ಯ’ ಯೋಜನೆ 2024ರಲ್ಲಿ ಆರಂಭವಾದದ್ದು ಕೋಲಾರ ಜಿಲ್ಲೆಯಲ್ಲೇ. ಆ ತಂಡದ ಚೀಲದಲ್ಲಿ ಅಳತೆಯ ಟೇಪು ಇರಲೇಬೇಕು. ಅಪಾಯದ ಅಂಚಿನಲ್ಲಿದ್ದವರ ಕೈಗೆ ‘ತೂಕ ಇಳಿಸಿ’ ಎಂಬ ಉಪದೇಶದ ಬದಲು ‘ಆರು ತಿಂಗಳಲ್ಲಿ ನಾಲ್ಕು ಕಿಲೊ’ ಎಂಬ ಸ್ಪಷ್ಟ ಗುರಿ ಬರೆದ ಚೀಟಿ ಸೇರಬೇಕು.

ನಡೆಯಿರಿ ಎಂದು ಹೇಳುವ ಸರ್ಕಾರಕ್ಕೆ ನಡೆಯಲು ದಾರಿ ಒದಗಿಸುವ ಹೊಣೆಯೂ ಇದೆ. ಗಣಿಯೂರಿನಲ್ಲಿ ಸೈನೈಡ್ ದಿಬ್ಬಗಳಿಂದ ಗಾಳಿಗೆ ದೂಳು ಏಳುತ್ತದೆ. ಅಂಥ ಊರಿನಲ್ಲಿ ಮುಂಜಾನೆಯ ನಡಿಗೆಯನ್ನು ಉಪದೇಶಿಸುವುದು ಸುಲಭ, ಪಾಲಿಸುವುದು ಕಷ್ಟ. ದಿಬ್ಬಗಳ ಮೇಲೆ ಹಸಿರು ಹೊದಿಸುವುದು, ಗಣಿಗಾಲದ ಆಟದ ಮೈದಾನಗಳನ್ನು ಜನರಿಗೆ ತೆರೆದಿಡುವುದು, ರೈಲು ನಿಲ್ದಾಣಕ್ಕೆ ಹೋಗುವ ರಸ್ತೆಗಳಿಗೆ ಪಾದಚಾರಿ ಮಾರ್ಗ ಮತ್ತು ದೀಪ ಒದಗಿಸುವುದು ಕೂಡ ಆರೋಗ್ಯ ಕಾರ್ಯಕ್ರಮಗಳೇ.

ಬಂಗಾರಪೇಟೆ ದಾಟಿ ವೈಟ್‌ಫೀಲ್ಡ್ ಬರುವಷ್ಟರಲ್ಲಿ ನಾನು ಆ ಪ್ರಯಾಣಿಕರಿಗೆ ಹೇಳಿದ್ದು ಇಷ್ಟೇ: ‘ಇಪ್ಪತ್ತೈದನ್ನು ಮರೆತುಬಿಡಿ. ನಿಮ್ಮ ವೈದ್ಯರನ್ನು ಕೇಳಿ, ನಾಲ್ಕರಿಂದ ಶುರು ಮಾಡಿ.’ ಅವರು ನಕ್ಕರು. ‘ನಾಲ್ಕೇನಾ ಸಾರ್? ಎಂಟು ಇಳಿಸಿದ್ದೆನಲ್ಲ’ ಎಂದರು. ಎಂಟು ಇಳಿಸಿಯೂ ತಾವು ಸೋತೆವೆಂದೇ ಅವರು ನಂಬಿದ್ದರು. ಅದರಲ್ಲಿ ಅರ್ಧವನ್ನು ಉಳಿಸಿಕೊಂಡಿದ್ದರೂ ಗೆದ್ದಂತೆಯೇ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.