ಅಂಗಡಿಯಲ್ಲಿ ನೋಟ, ಮೊಬೈಲಿನಲ್ಲಿ ಖರೀದಿ



ನಮ್ಮ ಕೋಣೆಗಳಲ್ಲಿ ಈಚೆಗೆ ಒಂದು ಚರ್ಚೆ ನಡೆಯುತ್ತಿದೆ. ಸೀತಾಬರ್ಡಿಯ ಅಂಗಡಿಗೆ ಹೋಗುವುದು, ಹತ್ತು ಜೊತೆ ಚಪ್ಪಲಿ ಇಳಿಸಿ ಹಾಕಿ ನೋಡುವುದು, ಕಾಲಿನ ಅಳತೆ ತಿಳಿದುಕೊಳ್ಳುವುದು, "ಆಮೇಲೆ ಬರುತ್ತೇನೆ" ಎಂದು ಹೊರಬೀಳುವುದು, ಮೆಟ್ಟಿಲು ಇಳಿಯುವುದರೊಳಗೆ ಅದೇ ಚಪ್ಪಲಿಯನ್ನು ಮೊಬೈಲಿನಲ್ಲಿ ಎಂಬತ್ತು ರೂಪಾಯಿ ಕಡಿಮೆಗೆ ತರಿಸುವುದು. ಇದು ಜಾಣತನವೋ, ಮೋಸವೋ? ಕಳಮನಾದ ಬೇಳೆ ಗಿರಣಿಯಲ್ಲಿ ದುಡಿಯುವ ಗೆಳೆಯರು ಜಾಣತನ ಎನ್ನುತ್ತಾರೆ. ಹೋಟೆಲಿನವರಲ್ಲಿ ಹಳಬರು ಮೋಸ ಎನ್ನುತ್ತಾರೆ. ಎರಡು ಕಡೆಯವರ ಮಾತಿನಲ್ಲೂ ಒಂದೊಂದು ಅಂಶ ಬಿಟ್ಟುಹೋಗಿದೆಯೆಂದು ನನಗೆ ತೋರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಕಡಿಮೆ ಬೆಲೆಗೆ ಕೊಳ್ಳುವುದು ಪಾಪವಲ್ಲ. ಊರಿಗೆ ಹಣ ಕಳುಹಿಸಿ ಉಳಿದ ಸಂಬಳದಲ್ಲಿ ತಿಂಗಳು ದೂಡುವವನಿಗೆ ಎಂಬತ್ತು ರೂಪಾಯಿ ಎಂದರೆ ಎಂಬತ್ತು ರೂಪಾಯಿಯೇ. ನಮ್ಮ ಹೋಟೆಲು ಮಾಲಿಕರು ಬೆಳಗಿನ ಜಾವ ಟೆಂಪೋ ಕಳುಹಿಸಿ ಕಳಮನಾದಿಂದ ನೀರುಳ್ಳಿ ಬಟಾಟೆ ತರಿಸುವುದು ಏತಕ್ಕೆ? ಕಿಲೋಗೆ ಕೆಲವು ರೂಪಾಯಿ ಉಳಿಯಲಿ ಎಂದು. ಬೀದಿಯ ತರಕಾರಿಯವನಿಗೆ ಅನ್ಯಾಯ ಮಾಡಿದರು ಎಂದು ಅವರನ್ನು ಯಾರೂ ದೂರುವುದಿಲ್ಲ. ಮಾಲಿಕನಿಗೆ ವ್ಯವಹಾರಜ್ಞಾನ ಎನಿಸಿಕೊಳ್ಳುವುದು ಕೆಲಸಗಾರನಿಗೆ ಮಾತ್ರ ಅಪರಾಧವಾಗಲು ಸಾಧ್ಯವಿಲ್ಲ.

ಕಳಮನಾದಲ್ಲಿ ನೋಡುವುದೂ ಹೇಗೆ ನಡೆಯುತ್ತದೆಂಬುದನ್ನು ಗಮನಿಸಬೇಕು. ನಮ್ಮ ಬ್ಯಾಡಗಿಯ ಪೇಟೆಯನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಭಿವಾಪುರದ ಕಡೆಯ ಮೆಣಸಿನ ರಾಶಿಯೆದುರು ವ್ಯಾಪಾರಿ ನಿಲ್ಲುತ್ತಾನೆ, ಒಂದು ಹಿಡಿ ಎತ್ತಿ ಮುರಿದು ನೋಡುತ್ತಾನೆ, ಮೂಸುತ್ತಾನೆ, ಕೈಕೊಡವಿ ಮುಂದಿನ ರಾಶಿಗೆ ಹೋಗುತ್ತಾನೆ. ದಲಾಲನಿಗೆ ಸಿಟ್ಟು ಬರುವುದಿಲ್ಲ. ಹತ್ತು ಮಂದಿ ನೋಡಿ ಒಬ್ಬ ಕೂಗಿ ಕೊಳ್ಳುವುದೇ ಹರಾಜಿನ ಕ್ರಮ. ಬೆಲೆಯೂ ಎಲ್ಲರ ಕಿವಿಗೆ ಬೀಳುವಂತೆಯೇ ಆಗುತ್ತದೆ. ಇದಕ್ಕಿಂತ ಮುಖ್ಯವಾದ ಮಾತು, ಮೂಟೆ ಹೊರುವ ಹಮಾಲನ ಕೂಲಿ ಮೂಟೆಯ ಲೆಕ್ಕದ್ದು. ಮಾಲು ಯಾರ ಪಾಲಾಯಿತು, ಎಷ್ಟಕ್ಕೆ ಹೋಯಿತು ಎಂಬುದಕ್ಕೂ ಅವನ ಕೂಲಿಗೂ ಸಂಬಂಧವಿಲ್ಲ. ಇದು ತಾನಾಗಿ ಬಂದ ಏರ್ಪಾಡಲ್ಲ. ಹೊರೆ ಹೊರುವವರು ಹೋರಾಡಿ ಪಡೆದ 1969ರ ಮಹಾರಾಷ್ಟ್ರದ ಮಾಥಾಡಿ ಕಾಯಿದೆಯು ಕೂಲಿಯನ್ನೂ ಅದರ ಮೇಲಿನ ಲೆವಿಯನ್ನೂ ಮಂಡಳಿಯ ಮೂಲಕ ಸಲ್ಲಿಸುವ ದಾರಿ ಮಾಡಿಕೊಟ್ಟಿತು. ಆದುದರಿಂದ ಅಲ್ಲಿ ಎಷ್ಟು ನೋಡಿದರೂ ಯಾರ ಹೊಟ್ಟೆಯ ಮೇಲೂ ಹೊಡೆದಂತಾಗುವುದಿಲ್ಲ.

ಚಪ್ಪಲಿ ಅಂಗಡಿಯ ಹುಡುಗನ ಸ್ಥಿತಿ ಹಾಗಿಲ್ಲ. ಬೆಳಗ್ಗೆ ಹತ್ತರಿಂದ ರಾತ್ರಿ ಒಂಬತ್ತರವರೆಗೆ ಅವನು ನಿಂತೇ ಇರುತ್ತಾನೆ. ಏಣಿ ಹತ್ತಿ ಡಬ್ಬಿ ಇಳಿಸುತ್ತಾನೆ, ನಮ್ಮ ಕಾಲ ಬಳಿ ಕುಳಿತು ಪಟ್ಟಿ ಬಿಗಿಯುತ್ತಾನೆ, ನಾವು ಎದ್ದುಹೋದ ಮೇಲೆ ಹತ್ತು ಡಬ್ಬಿಗಳನ್ನು ಮತ್ತೆ ಮೇಲಕ್ಕೇರಿಸುತ್ತಾನೆ. ಎಷ್ಟೋ ಅಂಗಡಿಗಳಲ್ಲಿ ಅವನ ಸಂಬಳ ಅಲ್ಪ; ಉಳಿದದ್ದು ಮಾರಾಟದ ಮೇಲಿನ ಕಮಿಷನ್. 1948ರ ಮುಂಬಯಿ ಅಂಗಡಿ ಕಾಯಿದೆಯಲ್ಲಿ ಸಣ್ಣ ಅಂಗಡಿಯ ಕೆಲಸಗಾರನಿಗೂ ಒಂದು ಸ್ಥಾನವಿತ್ತು. ಅದರ ಜಾಗಕ್ಕೆ ಬಂದ 2017ರ ಮಹಾರಾಷ್ಟ್ರದ ಕಾಯಿದೆ ಹತ್ತಕ್ಕಿಂತ ಕಡಿಮೆ ಕೆಲಸಗಾರರಿರುವ ಅಂಗಡಿಗಳನ್ನು ಬಹುತೇಕ ಹೊರಗೆ ಬಿಟ್ಟಿತು. ರಾತ್ರಿ ಗಲ್ಲೆಯ ಮುಂದೆ ಮಾಲಿಕ ಕೇಳುವುದು ಒಂದೇ ಪ್ರಶ್ನೆ: "ಇಷ್ಟು ಗಿರಾಕಿ ಬಂದರು, ನೀನು ಎಷ್ಟು ಮಾರಿದೆ?"

ಈ ಪ್ರಶ್ನೆಯ ರುಚಿ ನಮಗೆ ಗೊತ್ತಿಲ್ಲವೇ? ಮಧ್ಯಾಹ್ನದ ಗದ್ದಲದಲ್ಲಿ ಒಂದು ಟೀ ತೆಗೆದುಕೊಂಡು ಒಂದು ತಾಸು ಮೇಜು ಹಿಡಿದು ಕುಳಿತ ಗಿರಾಕಿಯ ಮೇಲಿನ ಕೋಪವನ್ನು ಮಾಲಿಕ ಯಾರ ಮೇಲೆ ತೀರಿಸಿಕೊಳ್ಳುತ್ತಾನೆ? ಸಪ್ಲೈಯರನ ಮೇಲೆ. ಹಾಗಿದ್ದರೂ ಆ ಗಿರಾಕಿ ಟೀಯ ಹಣವನ್ನಾದರೂ ಕೊಟ್ಟು ಹೋಗುತ್ತಾನೆ.

ಇಲ್ಲಿ ಇಬ್ಬರನ್ನು ಬೇರೆ ಮಾಡಿ ನೋಡಬೇಕು. ಕೊಳ್ಳಬೇಕೋ ಬೇಡವೋ ಎಂದು ಇನ್ನೂ ನಿಶ್ಚಯಿಸದೆ ಬಂದವನು ಗಿರಾಕಿ. ಅವನು ಬರಿಗೈಯಲ್ಲಿ ಹೋದರೂ ತಪ್ಪಿಲ್ಲ. ಅಂಗಡಿ ಇಟ್ಟವನು ಅದಕ್ಕೆ ಸಿದ್ಧನಾಗಿರಬೇಕು. ಮೊಬೈಲಿನಲ್ಲೇ ಕೊಳ್ಳುವುದೆಂದು ಮನೆಯಲ್ಲೇ ನಿಶ್ಚಯಿಸಿ, ಅಳತೆಗಾಗಿ ಮಾತ್ರ ಅಂಗಡಿ ಹತ್ತಿದವನು ಗಿರಾಕಿಯಲ್ಲ. ಅವನು ಇನ್ನೊಬ್ಬ ಕೆಲಸಗಾರನಿಂದ ಅರ್ಧ ತಾಸಿನ ದುಡಿಮೆಯನ್ನು ಕೂಲಿ ಕೊಡದೆ ಪಡೆದವನು. ಮಾಲಿಕ ನಮ್ಮಿಂದ ಹೀಗೆ ಪಡೆದರೆ ಅದಕ್ಕೆ ಬಿಟ್ಟಿ ಎಂದು ಹೆಸರಿಟ್ಟು ಸಂಘದ ಕಚೇರಿಗೆ ಓಡಿ ಬರುತ್ತೇವೆ.

ಗಿರಣಿಯ ಮಿತ್ರರು ಇದಕ್ಕೆ ಒಂದು ಉತ್ತರ ಕೊಡುತ್ತಾರೆ: "ಅಂಗಡಿಕಾರ ಇಷ್ಟು ವರ್ಷ ನಮಗೆ ಬಿಲ್ಲಿಲ್ಲದೆ ಮಾರಲಿಲ್ಲವೇ? ಹಳೆಯ ಮಾಲನ್ನು ಹೊಸದೆಂದು ಕೊಡಲಿಲ್ಲವೇ? ಬದಲಿಸಿ ಕೊಡು ಎಂದರೆ ಬೋರ್ಡು ತೋರಿಸಲಿಲ್ಲವೇ?" ನಿಜ, ಒಪ್ಪುತ್ತೇನೆ. ಆದರೆ ಏಣಿ ಹತ್ತಿದವನು ಅಂಗಡಿಕಾರನಲ್ಲವಲ್ಲ!

ಈ ಅಭ್ಯಾಸವನ್ನು ಗಿರಾಕಿಯೇ ಹುಟ್ಟಿಸಿದನೆಂದೂ ತಿಳಿಯಬೇಕಾಗಿಲ್ಲ. ಅಮೆರಿಕದಲ್ಲಿ 2011ರ ಡಿಸೆಂಬರ್ 10ರಂದು ಅಮೆಜಾನ್ ಕಂಪನಿ ಒಂದು ಕೊಡುಗೆ ಇಟ್ಟಿತು. ಅಂಗಡಿಯೊಳಗೆ ನಿಂತು ಅಲ್ಲಿನ ವಸ್ತುವನ್ನು ಫೋನಿನಿಂದ ಪರೀಕ್ಷಿಸಿ, ಬಳಿಕ ತನ್ನಲ್ಲಿ ಕೊಂಡವನಿಗೆ ನೂರಕ್ಕೆ 5ರಂತೆ, ವಸ್ತುವೊಂದಕ್ಕೆ ಹೆಚ್ಚೆಂದರೆ 5 ಡಾಲರಿನ ರಿಯಾಯಿತಿ. ಎದುರಾಳಿಯ ಅಂಗಡಿಯನ್ನೇ ತನ್ನ ಮಳಿಗೆ ಮಾಡಿಕೊಂಡು, ಬಾಡಿಗೆಯನ್ನೂ ಸಂಬಳವನ್ನೂ ಅವನ ತಲೆಗೇ ಕಟ್ಟುವ ಉಪಾಯವಿದು. ನಮ್ಮ ಬೆಂಗಳೂರಿನಲ್ಲಿ 2007ರಲ್ಲಿ ಹುಟ್ಟಿದ ಫ್ಲಿಪ್‌ಕಾರ್ಟಿನ ಬಹುಪಾಲನ್ನು 2018ರಲ್ಲಿ ವಾಲ್‌ಮಾರ್ಟ್ 1,600 ಕೋಟಿ ಡಾಲರಿಗೆ ಕೊಂಡಿತು. ಅಂಥ ಥೈಲಿ ಇದ್ದವರು ವರ್ಷಗಟ್ಟಲೆ ನಷ್ಟ ತಡೆದುಕೊಂಡು ಬೆಲೆ ಇಳಿಸಬಲ್ಲರು. ಸೀತಾಬರ್ಡಿಯವನು ಎರಡು ತಿಂಗಳೂ ತಡೆಯಲಾರ. ಇಂಥ ಕಂಪನಿಗಳು ಬೆಲೆಯ ಮೇಲೆ ಕೈಯಾಡಿಸಬಾರದೆಂದು ಕೇಂದ್ರ ಸರಕಾರದ ನಿಯಮ 2019ರ ಫೆಬ್ರವರಿ 1ರಿಂದ ಜಾರಿಗೆ ಬಂತು. 2020ರ ಜನವರಿಯಲ್ಲಿ ಸ್ಪರ್ಧಾ ಆಯೋಗವು ಎರಡೂ ಕಂಪನಿಗಳ ಮೇಲೆ ತನಿಖೆಗೆ ಆದೇಶವಿತ್ತಿತು. ವ್ಯಾಪಾರಿಗಳ ಅಖಿಲ ಭಾರತ ಒಕ್ಕೂಟ ಇದಕ್ಕಾಗಿ ದೊಡ್ಡ ಗಲಾಟೆ ಎಬ್ಬಿಸಿತು. ಆ ಗಲಾಟೆಯಲ್ಲಿ ಅಂಗಡಿ ಹುಡುಗನ ಸಂಬಳದ ಮಾತು ಅಷ್ಟೇ ಗಟ್ಟಿಯಾಗಿ ಕೇಳಿಬಂದದ್ದು ನನ್ನ ಕಿವಿಗಂತೂ ಬಿದ್ದಿಲ್ಲ.

ಹೋಟೆಲು ಮಾಲಿಕರ ಕಥೆ ಇನ್ನೂ ಸ್ವಾರಸ್ಯ. ಮೊಬೈಲ್ ಕಂಪನಿಗಳ ರಿಯಾಯಿತಿಯಿಂದ ತಮ್ಮ ಗಲ್ಲೆ ಬರಿದಾಗುತ್ತಿದೆಯೆಂದು 2019ರ ಆಗಸ್ಟಿನಲ್ಲಿ ದೇಶದ ಅನೇಕ ರೆಸ್ಟೋರೆಂಟಿನವರು ಆ ಯೋಜನೆಗಳಿಂದ ಹೊರಬಂದರು. ಅವರ ರಾಷ್ಟ್ರೀಯ ಸಂಘ ಸ್ವಿಗ್ಗಿ, ಜೊಮ್ಯಾಟೊಗಳ ಮೇಲೆ 2021ರಲ್ಲಿ ದೂರು ಕೊಟ್ಟು, 2022ರ ಏಪ್ರಿಲಿನಲ್ಲಿ ತನಿಖೆಯ ಆದೇಶ ಪಡೆಯಿತು. ನ್ಯಾಯವಾದ ದೂರೇ ಸರಿ. ಆದರೆ ಇತ್ವಾರಿಯ ಅಂಗಡಿಯಲ್ಲಿ ಗ್ರೈಂಡರನ್ನು ತಿರುಗಿಸಿ ನೋಡಿ, ಮೊಬೈಲಿನಲ್ಲಿ ತರಿಸುವವರೂ ಅವರೊಳಗೇ ಉಂಟು!

ಹಾಗೆಂದು ಮೊಬೈಲನ್ನೇ ಬಹಿಷ್ಕರಿಸೋಣ ಎನ್ನುವವರೊಂದಿಗೂ ನಾನಿಲ್ಲ. ಬಿಸಿಲಿನಲ್ಲಿ ಬೈಕಿನ ಮೇಲೆ ಪೊಟ್ಟಣ ಹೊತ್ತು ತರುವ ಹುಡುಗನೂ ಕೆಲಸಗಾರನೇ. ನಾಗಪುರದ ಮೇ ತಿಂಗಳ ಬಿಸಿಲು ಎಂಥದೆಂದು ಇಲ್ಲಿದ್ದವರಿಗೆ ಗೊತ್ತು. ಅವನಿಗಾಗಿ ರಾಜಸ್ಥಾನ 2023ರಲ್ಲಿ, ನಮ್ಮ ಕರ್ನಾಟಕ 2025ರಲ್ಲಿ ಕಾಯಿದೆ ಮಾಡಿದವು. ಒಬ್ಬ ಕೆಲಸಗಾರನ ಪರವಾಗಿ ನಿಲ್ಲಲು ಇನ್ನೊಬ್ಬನ ಅನ್ನ ಕೀಳಬೇಕಾಗಿಲ್ಲ.

ನೋಡುವುದಕ್ಕೇ ಶುಲ್ಕವಿಡುವ ಉಪಾಯವನ್ನೂ ಕೆಲವರು ಮಾಡಿ ನೋಡಿದ್ದಾರೆ. ಆಸ್ಟ್ರೇಲಿಯದ ಬ್ರಿಸ್ಬೇನಿನಲ್ಲಿ 2013ರಲ್ಲಿ ಒಂದು ಆಹಾರದ ಅಂಗಡಿಯವರು, ಬರೇ ನೋಡಿ ಹೋದರೆ 5 ಡಾಲರ್, ಕೊಂಡರೆ ಅದನ್ನು ಬಿಲ್ಲಿನಲ್ಲಿ ಕಳೆಯುತ್ತೇವೆ ಎಂದು ಬೋರ್ಡು ಹಾಕಿದರು. ನಮ್ಮಲ್ಲಿ ಇಂಥದು ಬಂದರೆ ಬಾಗಿಲಲ್ಲಿ ಮೊದಲು ತಡೆಯಲ್ಪಡುವವನು ಮಾಸಿದ ಅಂಗಿಯವನೇ. ಹೋಟೆಲಿನಲ್ಲಿ ಕುಡಿಯುವ ನೀರಿಗೆ ಮೊದಲು ಹಣವಿಡು ಎಂದ ಹಾಗಾದೀತು.

ನಾವು ಮಾಡಬಹುದಾದುದು ಸುಲಭವಿದೆ. ಅಂಗಡಿಯಲ್ಲಿ ಮರೆಮಾಚದೆ ಹೇಳಬೇಕು: "ಭಾವೂ, ಮೊಬೈಲಿನಲ್ಲಿ ಇಷ್ಟಕ್ಕೆ ಉಂಟು, ನೀವು ಎಷ್ಟಕ್ಕೆ ಕೊಡುತ್ತೀರಿ?" ಡಬ್ಬಿ ಇಳಿಸುವ ಮೊದಲೇ ಕೇಳಬೇಕು. ಅನೇಕರು ಇಳಿಸುತ್ತಾರೆ. ಇಳಿಸದೆ ಹೋದರೆ, ಅಂತರ ದೊಡ್ಡದಾಗಿದ್ದರೆ, ನಾಚಿಕೆಪಡದೆ ಮೊಬೈಲಿನಲ್ಲಿ ತರಿಸಿ. ಅಂತರ ಹತ್ತಿಪ್ಪತ್ತು ರೂಪಾಯಿಯದಾದರೆ, ಕಾಲಿಗೆ ಹಾಕಿ ಸರಿನೋಡಿ ಕೊಟ್ಟವನ ಕೂಲಿ ಅದೆಂದು ತಿಳಿದು ಕೊಟ್ಟುಬಿಡಿ. ಮೊಬೈಲಿನಲ್ಲೇ ಎಂದು ನಿಶ್ಚಯವಾಗಿದ್ದರೆ ಅಳತೆಯನ್ನು ಹಳೆಯ ಚಪ್ಪಲಿಯಿಂದ ತೆಗೆಯಿರಿ. ಹುಡುಗನನ್ನು ಏಣಿ ಹತ್ತಿಸಬೇಡಿ.

ಕಿರಾಣಿಯ ವಿಷಯದಲ್ಲಿ ನನ್ನ ಮಾತು ಇನ್ನೂ ಸ್ವಲ್ಪ ಬಿಗಿ. 2020ರ ಮಾರ್ಚಿನಲ್ಲಿ ಹೋಟೆಲುಗಳು ಮುಚ್ಚಿ, ರೈಲು ನಿಂತು, ಊರಿಗೆ ಹೋಗಲಾಗದೆ ಕೋಣೆಯಲ್ಲಿ ಸಿಕ್ಕಿಬಿದ್ದವರಿಗೆ ಅಕ್ಕಿ ಬೇಳೆಯನ್ನು ಪುಸ್ತಕದಲ್ಲಿ ಬರೆದು ಕೊಟ್ಟವರು ಮೂಲೆಯಂಗಡಿಯವರು. ಈಗ ಮೊಬೈಲಿನಲ್ಲೂ ಸಾಲ ಸಿಗುತ್ತದೆ, ತಪ್ಪಿದರೆ ಬಡ್ಡಿ, ದಂಡ, ಫೋನಿನ ಮೇಲೆ ಫೋನು. ಅಕ್ಕಿ ನೀರುಳ್ಳಿಯಲ್ಲಿ ಉಳಿತಾಯ ಬೇಕಿದ್ದವರು ನಾಲ್ಕು ಕೋಣೆಯವರು ಕೂಡಿ ಕಳಮನಾದಿಂದ ಮೂಟೆಯನ್ನೇ ತರಬಹುದು. ಆದರೆ ಮೂಲೆಯಂಗಡಿಯ ಸಾಲದ ಪುಸ್ತಕದಲ್ಲಿ ಯಾರ ಹೆಸರಿದೆಯೋ ಅವರು ನಗದು ಕೈಗೆ ಬಂದ ದಿನ ಮೊಬೈಲಿನ ಕಡೆ ತಿರುಗುವುದು ನನಗೆ ಸರಿಕಾಣುವುದಿಲ್ಲ.

ಉಳಿದದ್ದು ಸಂಘದ ಕೆಲಸ. ಜಮಶೇಟಜಿ ಟಾಟಾ 1877ರ ಜನವರಿ 1ರಂದು ಆರಂಭಿಸಿದ ಎಂಪ್ರೆಸ್ ಗಿರಣಿ 2002ರಲ್ಲಿ ಮುಚ್ಚಿತು. ಆ ನೆಲದ ಮೇಲೆ ಈಗ ಎಂಪ್ರೆಸ್ ಸಿಟಿ ಮಾಲ್ ನಿಂತಿದೆ. ಒಂದು ಕಾಲಕ್ಕೆ ಗಿರಣಿಯ ಸೀಟಿ ಕೇಳುತ್ತಿದ್ದ ಜಾಗದಲ್ಲಿ ಈಗ ಹುಡುಗ ಹುಡುಗಿಯರು ಬಟ್ಟೆ ಬಿಡಿಸಿ ತೋರಿಸುತ್ತಾರೆ, ಮತ್ತೆ ಮಡಚುತ್ತಾರೆ. ಅವರ ಊಟದ ವೇಳೆ, ಕೂರುವ ಸ್ಟೂಲು, ವಾರದ ರಜೆ, ಮಾರಾಟವಾಗದ ದಿನದ ಸಂಬಳ, ಈ ನಾಲ್ಕನ್ನು ಕೇಳಿ ತಿಳಿಯಲು ಸಂಘದಿಂದ ಇನ್ನೂ ಯಾರೂ ಹೋಗಿಲ್ಲ. ಹಮಾಲನಿಗೆ ಮೂಟೆಯ ಲೆಕ್ಕದಲ್ಲಿ ಸಿಗುವಂತೆ ಇವರಿಗೆ ನಿಂತ ಹೊತ್ತಿನ ಲೆಕ್ಕದಲ್ಲಿ ಪೂರ್ಣ ಸಂಬಳ ಸಿಕ್ಕಿದರೆ, ನೋಡಿ ಹೋಗುವವನಿಂದ ಇವರಿಗೆ ಬೀಳುವ ಪೆಟ್ಟು ಅರ್ಧ ಇಳಿಯುತ್ತದೆ. ಮರಾಠಿ ಚೆನ್ನಾಗಿ ಬಲ್ಲ ಇಬ್ಬರು ಸದಸ್ಯರು ಹೆಸರು ಕೊಟ್ಟರೆ, ವಾರದ ರಜೆಯ ದಿನ ಅವರೊಡನೆ ನಾನೂ ಹೋಗಿಬರುತ್ತೇನೆ.