ವಳ್ಳೂರಿನಿಂದ ಹೊರಟ ಮಾಹಿತಿ ವಳ್ಳೂರಿಗೂ ಮುಟ್ಟಲಿ

ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ವಳ್ಳೂರು, ತಿರುಮಣಿ, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಗ್ರಾಮಗಳ ಸುಮಾರು 13 ಸಾವಿರ ಎಕರೆಯಲ್ಲಿ ಹರಡಿರುವ ಸೌರ ವಿದ್ಯುತ್ ಪಾರ್ಕ್‌ನ ಸಾಮರ್ಥ್ಯ 2,050 ಮೆಗಾವಾಟ್. ರೈತರು ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿ ಲೆಕ್ಕದಲ್ಲಿ ಗುತ್ತಿಗೆಗೆ ಬಿಟ್ಟುಕೊಟ್ಟ ನೆಲ ಅದು. ಅಲ್ಲಿ ಯಾವ ಹೊತ್ತಿಗೆ ಎಷ್ಟು ವಿದ್ಯುತ್ ಸಿಗುತ್ತದೆ ಎಂಬುದನ್ನು 15 ನಿಮಿಷಕ್ಕೊಂದರಂತೆ ದಿನಕ್ಕೆ 96 ಭಾಗ ಮಾಡಿ ಗ್ರಿಡ್ ನಿರ್ವಹಿಸುವವರಿಗೆ ಒಪ್ಪಿಸಬೇಕು. ಮಳೆಯದೂ ಅದೇ ಕಥೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿಗೊಂದರಂತೆ ಮಳೆಮಾಪಕ ನೆಟ್ಟಿದೆ. ಒಳಗಿನ ಸಿಮ್ ಮತ್ತು ಮೋಡೆಮ್ ಪ್ರತಿ 15 ನಿಮಿಷಕ್ಕೆ ಲೆಕ್ಕವನ್ನು ಬೆಂಗಳೂರಿನ ಯಲಹಂಕದಲ್ಲಿರುವ ಕೇಂದ್ರಕ್ಕೆ ಕಳಿಸುತ್ತವೆ.

ಊರಿನ ಮೇಲೆ ಮೋಡ ಕವಿದದ್ದು ಬೆಂಗಳೂರಿಗೆ ಕಾಲು ಗಂಟೆಯೊಳಗೆ ತಿಳಿಯುತ್ತದೆ. ಆ ಮೋಡ ಸಿಡಿಲು ಹೊತ್ತು ತಂದಿದ್ದರೆ, ಪ್ಯಾನೆಲ್‌ಗಳ ಬೇಲಿಯಾಚೆ ಕುರಿ ಮೇಯಿಸುತ್ತಿರುವವನ ಜೇಬಿನ ಫೋನು ಮಾತ್ರ ಸುಮ್ಮನಿರುತ್ತದೆ. ಮಾಹಿತಿ ಮೇಲಕ್ಕೆ ಏರಲು ಇಷ್ಟು ಚೊಕ್ಕ ದಾರಿ ಮಾಡಿದ ಮೇಲೆ ಕೆಳಕ್ಕೆ ಇಳಿಯಲು ಏಕೆ ಮಾಡಲಿಲ್ಲ? ನನ್ನ ತಕರಾರು ಇರುವುದೇ ಇಲ್ಲಿ.

ಕೆಳಮುಖದ ದಾರಿಗಳು ಇಲ್ಲವೆಂದಲ್ಲ. ‘ವರುಣ ಮಿತ್ರ’ ಸಹಾಯವಾಣಿಗೆ ಹಗಲು ರಾತ್ರಿ ಕರೆ ಮಾಡಬಹುದು, ಆದರೆ ಕೇಳುವವರು ತಾವಾಗಿ ಕೇಳಬೇಕು. ಸಿಡಿಲಿಗೆ ‘ದಾಮಿನಿ’ ಆ್ಯಪ್ ಇದೆ, ಅದಕ್ಕೆ ಸ್ಮಾರ್ಟ್‌ಫೋನ್ ಬೇಕು, ಡೇಟಾ ಬೇಕು. ಎಸ್‌ಎಂಎಸ್ ನೋಂದಾಯಿತ ನಂಬರಿಗೆ ಹೋಗುತ್ತದೆ. ಪಹಣಿ ಅಪ್ಪನ ಹೆಸರಿನಲ್ಲಿ, ನಂಬರು ಬೆಂಗಳೂರಿನಲ್ಲಿ ದುಡಿಯುವ ಮಗನದು ಎಂಬ ಮನೆಗಳು ನಮ್ಮಲ್ಲಿ ಕಡಿಮೆಯೇನಲ್ಲ. ಕಡಲೆಕಾಯಿ ಹೊಲದಲ್ಲಿರುವುದು ಅಪ್ಪ, ಸಂದೇಶ ಓದುವುದು ಮಗ.

ಎಸ್‌ಎಂಎಸ್‌ಗೆ ಇನ್ನೊಂದು ತೊಡಕಿದೆ. ಲಕ್ಷ ಜನಕ್ಕೆ ಹೇಳಬೇಕಾದರೆ ಜಾಲ ಲಕ್ಷ ಫೋನುಗಳನ್ನು ಒಂದೊಂದಾಗಿ ಹುಡುಕಿ, ಲಕ್ಷ ಸಲ ಕಳಿಸಬೇಕು. ಎಲ್ಲರೂ ಏಕಕಾಲಕ್ಕೆ ಕರೆ ಮಾಡತೊಡಗುವ ಗಾಳಿಮಳೆಯ ಹೊತ್ತಿನಲ್ಲೇ ಈ ಸಾಲು ಹಿಂದೆ ಬೀಳುತ್ತದೆ. ಸೆಲ್ ಬ್ರಾಡ್‌ಕಾಸ್ಟ್ ಹಾಗಲ್ಲ. ಎಸ್‌ಎಂಎಸ್ ಮನೆ ಮನೆಗೆ ಹಂಚುವ ಅಂಚೆಯಾದರೆ ಇದು ಊರ ನಡುವೆ ತಮಟೆ ಹೊಡೆದು ಸಾರುವ ಕ್ರಮ. ಟವರ್ ಒಂದೇ ಸಲ ಸಾರುತ್ತದೆ, ಅದರ ವ್ಯಾಪ್ತಿಯ ಫೋನುಗಳೆಲ್ಲ ಕೇಳಿಸಿಕೊಳ್ಳುತ್ತವೆ. ನಂಬರು ಬೇಡ, ನೋಂದಣಿ ಬೇಡ, ಹತ್ತು ಫೋನಿದ್ದರೂ ಹತ್ತು ಸಾವಿರವಿದ್ದರೂ ಟವರಿಗೆ ಅಷ್ಟೇ ಕೆಲಸ. ಸಂದೇಶ ಮುಟ್ಟಿತೇ ಎಂದು ಕಳಿಸಿದವರಿಗೆ ತಿಳಿಯುವುದಿಲ್ಲ ಎಂಬುದು ಇದರ ಕೊರತೆ. ಅದಕ್ಕೆ ಮತ್ತೆ ಮತ್ತೆ ಸಾರುವುದೇ ಪರಿಹಾರ. ಒಮ್ಮೆ ತೋರಿಸಿದ ಸಂದೇಶವನ್ನು ಫೋನು ಅದರ ಕ್ರಮಸಂಖ್ಯೆಯಿಂದ ಗುರುತಿಸಿ ಬದಿಗಿಡುತ್ತದೆ.

ಇದೇನೂ ಹೊಸ ವಿದ್ಯೆಯಲ್ಲ. ಹಳೆಯ ಕೀಪ್ಯಾಡ್ ಸೆಟ್‌ಗಳ ಪರದೆಯಲ್ಲಿ ಹೋದಲ್ಲೆಲ್ಲ ಆಯಾ ಊರಿನ ಹೆಸರು ಮೂಡುತ್ತಿದ್ದುದು ಹಲವರಿಗೆ ನೆನಪಿರಬಹುದು. ಅದು 50ನೇ ಚಾನೆಲ್‌ನಲ್ಲಿ ಟವರ್ ಸಾರುತ್ತಿದ್ದ ಸಂದೇಶ. 2023ರ ಅಕ್ಟೋಬರ್ 12ರಂದು ರಾಜ್ಯದ ಫೋನುಗಳು ಒಟ್ಟಿಗೇ ಕೂಗಿ ಜನ ಬೆಚ್ಚಿಬಿದ್ದದ್ದೂ ಇದೇ ವಿದ್ಯೆಯ ಪರೀಕ್ಷೆಯಿಂದ. ಕೇಂದ್ರ ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ರೂಪಿಸಿದ ವ್ಯವಸ್ಥೆ ಕೈಯಲ್ಲಿದೆ. ಅದನ್ನು ಎಷ್ಟು ಸಣ್ಣ ಪ್ರದೇಶಕ್ಕೆ, ಎಷ್ಟು ಉಪಯುಕ್ತವಾಗಿ ಬಳಸುತ್ತೇವೆ ಎಂಬುದನ್ನು ಈಗ ಕೇಳಬೇಕು.

ತುಮಕೂರು ಜಿಲ್ಲೆಗೆ 10 ತಾಲ್ಲೂಕು. ಕುಣಿಗಲ್‌ನಲ್ಲಿ ಮಳೆ ಸುರಿಯುವಾಗ ಪಾವಗಡದಲ್ಲಿ ದೂಳು ಏಳುತ್ತಿರಬಹುದು. ‘ಜಿಲ್ಲೆಯ ಕೆಲವೆಡೆ ಮಳೆ’ ಎಂಬ ಒಂದೇ ಎಚ್ಚರಿಕೆ ಎಲ್ಲರಿಗೂ ಬಂದರೆ ಶಿರಾದವರೂ ಮಧುಗಿರಿಯವರೂ ಎರಡು ಸಲ ನೋಡಿ ಮೂರನೆಯ ಸಲ ಒರೆಸಿ ಹಾಕುತ್ತಾರೆ. ಮಳೆ ಅಳೆಯುವುದು ಪಂಚಾಯಿತಿ ಮಟ್ಟದಲ್ಲಿ ಎಂದಾದರೆ ಸಾರುವುದೂ ಹೋಬಳಿ ಮಟ್ಟಕ್ಕಾದರೂ ಇಳಿಯಬೇಕು. ಟವರ್‌ಗಳನ್ನು ಆಯ್ದು ಸಾರಬಲ್ಲ ವ್ಯವಸ್ಥೆಗೆ ಇದು ಕಷ್ಟವಲ್ಲ.

ಕೂಗುವ ಎಚ್ಚರಿಕೆಯನ್ನು ಸಿಡಿಲು, ಪ್ರವಾಹದಂಥ ಪ್ರಾಣಾಪಾಯಕ್ಕೆ ಮಾತ್ರ ಮೀಸಲಿಡಬೇಕು. ದಿನನಿತ್ಯದ ಸಂಗತಿಗೆ ಸದ್ದಿಲ್ಲದ ಬೇರೆ ಚಾನೆಲ್ ಇರಲಿ. ಅದರಲ್ಲಿ ಮೊದಲು ಬರಬೇಕಾದದ್ದು, ನನ್ನ ಪ್ರಕಾರ, ತ್ರೀ ಫೇಸ್ ಕರೆಂಟಿನ ವೇಳೆ. ಇಂದು ಯಾವ ಫೀಡರ್‌ಗೆ ಎಷ್ಟು ಗಂಟೆಗೆ ಎಂಬ ಒಂದು ಸಾಲು ತಿಳಿಯದೆ ರೈತ ಸರಿರಾತ್ರಿ ಟಾರ್ಚ್ ಹಿಡಿದು ಬೋರ್‌ವೆಲ್ ಹತ್ತಿರ ಹೋಗುತ್ತಾನೆ. ಹಾವು ಚೇಳಿನ ಹೊಲದಲ್ಲಿ, ತೇವದ ಕೈಯಲ್ಲಿ ಸ್ಟಾರ್ಟರ್ ಒತ್ತುತ್ತಾನೆ. ಹೋಗಲಾಗದವರು ಆಟೋ ಸ್ಟಾರ್ಟರ್ ಹಾಕಿಸಿ ಬಿಡುವುದರಿಂದ ಕರೆಂಟ್ ಬಂದ ಕ್ಷಣಕ್ಕೆ ಮೋಟರ್‌ಗಳೆಲ್ಲ ಒಟ್ಟಿಗೇ ಎದ್ದು ಟ್ರಾನ್ಸ್‌ಫಾರ್ಮರ್ ಮೇಲೆ ಹೊರೆ ಬೀಳುತ್ತದೆ. ದೇಶಕ್ಕೆ ಸಾವಿರಾರು ಮೆಗಾವಾಟ್ ಕೊಡುವ ನೆಲದ ಸುತ್ತ ಹೀಗಾಗುತ್ತಿರುವುದು ನೋವಿನ ಸಂಗತಿ.

ಪಾವಗಡಕ್ಕೆ ಗಡಿಯ ಸಮಸ್ಯೆ ಬೇರೆ. ಬಹುಪಾಲು ಆಂಧ್ರದಿಂದ ಸುತ್ತುವರಿದ ತಾಲ್ಲೂಕು ಇದು. ಅಂಚಿನ ಹೊಲಗಳಲ್ಲಿ ಫೋನು ಆಚೆ ಬದಿಯ ಟವರ್ ಹಿಡಿದರೆ ಕರ್ನಾಟಕ ಸಾರಿದ್ದು ಅದಕ್ಕೆ ಕೇಳಿಸದು. ಇಲ್ಲಿ ಎಷ್ಟೋ ಮನೆಗಳ ಮಾತು ತೆಲುಗು, ಮಕ್ಕಳ ಓದು ಕನ್ನಡ. ತೆಲುಗು ಲಿಪಿಯ ಎಚ್ಚರಿಕೆ ಬಂದಾಗ, ಕೇಳಿದರೆ ಅರ್ಥವಾಗುವ ಮಾತನ್ನೇ ಓದಲಾರದ ಸ್ಥಿತಿ. ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ ಕೊರಟಗೆರೆ, ಮಧುಗಿರಿ ದಾಟಿ ಆಂಧ್ರಕ್ಕೆ ಹರಿಯುತ್ತದೆ, ಅದರ ನೆರೆ ಗಡಿ ನೋಡಿ ನಿಲ್ಲುವುದಿಲ್ಲ. ಹಾಗಾಗಿ ಗಡಿಯ ಎರಡೂ ಬದಿಯ ಟವರ್‌ಗಳಿಂದ ಎರಡೂ ಭಾಷೆಯಲ್ಲಿ ಒಂದೇ ಸಂದೇಶ ಹೊರಡುವಂತೆ ಎರಡು ರಾಜ್ಯಗಳ ವಿಪತ್ತು ನಿರ್ವಹಣಾ ಪ್ರಾಧಿಕಾರಗಳು ಮಾತಾಡಿಕೊಳ್ಳಬೇಕು. ಲಿಪಿ ಓದದವರಿಗಾಗಿ ಸಂದೇಶವನ್ನು ಫೋನೇ ಓದಿ ಹೇಳಬೇಕು.

ಮುಂಗಾರಿಗೆ ಮುಂಚೆ ಪಾವಗಡ, ಶಿರಾ, ಮಧುಗಿರಿ, ಕೊರಟಗೆರೆ ತಾಲ್ಲೂಕುಗಳಲ್ಲಿ ಒಂದು ಪ್ರಯೋಗ ನಡೆಯಲಿ. ಸಂದೇಶ ಸಾರಿದ ಮರುದಿನ ಪಂಚಾಯಿತಿ ಸಿಬ್ಬಂದಿ ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ ನಿಂತವರನ್ನು ಮಾತಾಡಿಸಿ, ಯಾರಿಗೆ ಬಂತು, ಯಾರಿಗೆ ಬರಲಿಲ್ಲ ಎಂದು ಬರೆದುಕೊಳ್ಳಲಿ. ಬಾರದ ಕೀಪ್ಯಾಡ್ ಫೋನುಗಳ ಸೆಟ್ಟಿಂಗ್ಸ್‌ನಲ್ಲಿ ಬ್ರಾಡ್‌ಕಾಸ್ಟ್ ಆಫ್ ಆಗಿದ್ದರೆ ಅಲ್ಲೇ ಆನ್ ಮಾಡಿಕೊಡಲಿ.