ಪಹಣಿಯ ಡೇಟಾಬೇಸಿಗೆ ಹೊಣೆ ಯಾರು?

ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರಿನ ರೈತನಿಗೆ ಬೆಳೆಸಾಲ ಸಿಗಬೇಕಾದರೆ ಪಹಣಿ ಬೇಕು. ‘ಭೂಮಿ’ ಯೋಜನೆಯ ಬಳಿಕ ಅದು ಗ್ರಾಮಲೆಕ್ಕಿಗರ ಕಡತದಿಂದ ಡೇಟಾಬೇಸಿಗೆ ಸೇರಿದೆ. ಇಂಥ ದಾಖಲೆಗಳಿಗೆ ತಂತ್ರಾಂಶ ಆರಿಸುವಾಗ ಕಂಪನಿಗಳ ಮಾರಾಟ ಪ್ರತಿನಿಧಿಗಳು ಹೇಳುವ ಮಾತೊಂದಿದೆ: ಪೋಸ್ಟ್‌ಗ್ರೆಸ್‌ನಂತಹ ಮುಕ್ತ ತಂತ್ರಾಂಶ ಪುಕ್ಕಟೆ, ದಾಖಲೆ ಅಳಿಸಿಹೋದರೆ ಕೇಳುವವರಿಲ್ಲ.

ಹಣ ತೆತ್ತು ಕೊಂಡದ್ದಕ್ಕಾದರೂ ಹೊಣೆ ಯಾರು? ಪರವಾನಗಿ ಪತ್ರವನ್ನು ಕೊನೆಯವರೆಗೆ ಓದಿದರೆ, ಮಾರಿದವರು ತಮ್ಮ ಹೊಣೆಗೆ ಮಿತಿ ಹಾಕಿಕೊಂಡಿರುವುದು ಸಾಮಾನ್ಯವಾಗಿ ಕಾಣಸಿಗುತ್ತದೆ. (ಓದುವವರು ವಿರಳ, ಆ ಮಾತು ಬೇರೆ.) 1983ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಡೇವಿಡ್ ಡೆವಿಟ್ ಮತ್ತು ಸಂಗಡಿಗರು ಡೇಟಾಬೇಸುಗಳ ವೇಗವನ್ನು ಪರೀಕ್ಷಿಸಿ ಫಲಿತಾಂಶ ಪ್ರಕಟಿಸಿದರು. ಒರೇಕಲ್ ಹಿಂದೆ ಬಿದ್ದಿತ್ತು. ಅನುಮತಿಯಿಲ್ಲದೆ ಇಂಥ ಫಲಿತಾಂಶ ಪ್ರಕಟಿಸಕೂಡದೆಂಬ ಷರತ್ತು ಬಳಿಕ ಅದರ ಪರವಾನಗಿಯಲ್ಲಿ ಸೇರಿತು. ‘ಡೆವಿಟ್ ಷರತ್ತು’ ಎಂದೇ ಹೆಸರಾಯಿತು. ಹೋಲಿಸುವವರ ಬಾಯಿ ಕಟ್ಟಿ ತಮ್ಮ ಮೇಲ್ಮೆಯನ್ನು ಸಾರುವುದು ಯಾವ ನ್ಯಾಯ?

ಪೋಸ್ಟ್‌ಗ್ರೆಸ್ ದೋಷಮುಕ್ತವೇನಲ್ಲ. ಡಿಸ್ಕಿಗೆ ಬರೆಯುವಾಗ ಆಗುವ ತಪ್ಪು ಅದರ ಗಮನಕ್ಕೆ ಬಾರದೆ ಹೋಗಬಹುದೆಂಬುದು 2018ರಲ್ಲಿ ಬೆಳಕಿಗೆ ಬಂತು. ಚರ್ಚೆ ಬಹಿರಂಗವಾಗಿಯೇ ನಡೆದು 2019ರಲ್ಲಿ ತಿದ್ದುಪಡಿಯಾಯಿತು. ಹೀಗೆ ಬಯಲಿಗೆ ಬಂದ ದೋಷವನ್ನೇ ಪ್ರತಿಸ್ಪರ್ಧಿಗಳು ಅಸ್ತ್ರವಾಗಿಸಿಕೊಳ್ಳಬಹುದು.

ಕೇಂದ್ರ ಸರ್ಕಾರದ 2015ರ ನೀತಿ ಮುಕ್ತ ತಂತ್ರಾಂಶಕ್ಕೆ ಆದ್ಯತೆ ನೀಡಿದೆ. ಆದರೆ ಯಾವುದನ್ನೇ ಆರಿಸಲಿ, ಬ್ಯಾಕಪ್‌ನಿಂದ ಒಂದು ತಾಲ್ಲೂಕಿನ ಪಹಣಿಗಳನ್ನೆಲ್ಲ ಅಧಿಕಾರಿಗಳ ಕಣ್ಣೆದುರೇ ಮರಳಿ ಪಡೆದು ತೋರಿಸಬೇಕೆಂಬ ಷರತ್ತು ಟೆಂಡರಿನಲ್ಲಿರಲಿ.